ತುಂಬಿಸಿದ ಹಲ್ಲಿನ ಅಂಚಿನಲ್ಲಿ



ಈ ಸಂಚಿಕೆ ಕೈಗೆ ಸಿಕ್ಕ ದಿನ ನಿಮ್ಮ ಆರನೆಯ ಅಥವಾ ಏಳನೆಯ ತರಗತಿಯಲ್ಲಿ ಒಂದು ಕೆಲಸ ಮಾಡಿ. ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ. ಕಿಟಕಿಯ ಬೆಳಕು ಬಾಯೊಳಗೆ ಬೀಳುವಂತಿರಲಿ. ಕೆಳದವಡೆಯ ನಟ್ಟನಡುವಿನಿಂದ ಒಂದು ಬದಿಗೆ ಹಲ್ಲುಗಳನ್ನು ಎಣಿಸುತ್ತಾ ಹೋಗಲಿ. ಆರನೆಯದಾಗಿ ಬರುವ ಅಗಲವಾದ ದವಡೆ ಹಲ್ಲನ್ನು ಚೆನ್ನಾಗಿ ನೋಡಲು ಹೇಳಿ. ಕೆಲವು ಮಕ್ಕಳಲ್ಲಿ ಅದು ಶುಭ್ರವಾಗಿರುತ್ತದೆ. ಕೆಲವರಲ್ಲಿ ಅದರ ಮೇಲಿನ ಗೀರುಗಳು ಕಪ್ಪಾಗಿರುತ್ತವೆ. ಕೆಲವರಲ್ಲಿ ಆಗಲೇ ಗುಂಡಿ ಬಿದ್ದಿರುತ್ತದೆ. ಒಬ್ಬಿಬ್ಬರಲ್ಲಿ ಆ ಗುಂಡಿಯನ್ನು ಬಿಳಿಯ ಅಥವಾ ಬೂದು ಬಣ್ಣದ ವಸ್ತುವಿನಿಂದ ತುಂಬಿಸಿರುವುದೂ ಕಾಣಬಹುದು.

ಈ ಹಲ್ಲು ಮಗುವಿಗೆ ಆರು ವರ್ಷವಾಗುವ ಹೊತ್ತಿಗೆ ಹುಟ್ಟುತ್ತದೆ. ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಹಿಂದೆ ಸದ್ದಿಲ್ಲದೆ ಬಂದು ನಿಲ್ಲುತ್ತದೆ. ಹಾಗಾಗಿ ಮನೆಯವರು ಇದನ್ನೂ ಹಾಲುಹಲ್ಲು ಎಂದುಕೊಳ್ಳುತ್ತಾರೆ. “ಬಿದ್ದು ಹೋದರೆ ಬೇರೆ ಬರುತ್ತದೆ ಬಿಡಿ” ಎನ್ನುತ್ತಾರೆ. ಬರುವುದಿಲ್ಲ. ಇದು ಜೀವನಪೂರ್ತಿ ಇರಬೇಕಾದ ಹಲ್ಲು.

ಶಾಲೆಗಳಿಗೆ ಹೋದಾಗ ಈ ಹಲ್ಲಿನ ಬಗ್ಗೆ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದೇ: “ಒಮ್ಮೆ ಸಿಮೆಂಟ್ ಹಾಕಿಸಿದ ಮೇಲೆ ಮತ್ತೆ ಹುಳುಕು ಬರುತ್ತದೆಯೇ ಸಾರ್?” ಒಂದು ಪೋಷಕರ ಸಭೆಯಲ್ಲಿ ಕೂಲಿ ಮಾಡುವ ತಂದೆಯೊಬ್ಬರು ಇದನ್ನೇ ಸ್ವಲ್ಪ ಬೇಸರದಿಂದ ಹೇಳಿದರು: “ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕಿಗೆ ಕರಕೊಂಡು ಹೋಗಿ ಸಿಮೆಂಟ್ ಹಾಕಿಸ್ದೆ. ಈಗ ಅದೇ ಹಲ್ಲು ಮತ್ತೆ ನೋಯ್ತದಂತೆ. ಈ ಸಲ ಕೀಳಿಸಿಬಿಡ್ತೀನಿ.” ಅವರ ಲೆಕ್ಕ ಅವರಿಗೆ ಸರಿಯೇ. ಆದರೆ ಹನ್ನೊಂದು ವರ್ಷದ ಹುಡುಗಿ ಮುಂದಿನ ಐವತ್ತು ಅರವತ್ತು ವರ್ಷ ಅಗಿಯಬೇಕಾದ ಹಲ್ಲು ಅದು. ತುಂಬಿಸಿದ ಹಲ್ಲು ಮತ್ತೆ ಏಕೆ ಕೆಡುತ್ತದೆ ಎಂಬುದು ನಮಗೆ ತಿಳಿದಿದ್ದರೆ, ಇಂತಹ ಹಲ್ಲುಗಳಲ್ಲಿ ಕೆಲವನ್ನಾದರೂ ಉಳಿಸಿಕೊಳ್ಳಬಹುದು.

ನನ್ನ ಬಾಯಿಯಲ್ಲೇ ಮೂರು ಬಗೆ

ಉದಾಹರಣೆಗೆ ನಾನು ದೂರ ಹೋಗಬೇಕಾಗಿಲ್ಲ. ನನ್ನ ಬಾಯಿಯಲ್ಲಿ ಮೂರು ತುಂಬಿಸಿದ ಹಲ್ಲುಗಳಿವೆ. ಎಡಗಡೆಯ ದವಡೆ ಹಲ್ಲಿನಲ್ಲಿರುವುದು ಕಾಲೇಜು ದಿನಗಳಲ್ಲಿ ಹಾಕಿಸಿದ ‘ಬೆಳ್ಳಿ’. ಇದರ ಸರಿಯಾದ ಹೆಸರು ಅಮಾಲ್ಗಮ್. ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಪಾದರಸದೊಂದಿಗೆ ಬೆರೆಸಿ ಮಾಡಿದ ಮಿಶ್ರಲೋಹ. ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸವೇ ಇರುತ್ತದೆ.

ಎರಡನೆಯದು ಬಲಗಡೆ ಇರುವ ಹಲ್ಲಿನ ಬಣ್ಣದ ಕಾಂಪೊಸಿಟ್. ಇದು ಒಂದು ಬಗೆಯ ಪ್ಲಾಸ್ಟಿಕ್ ರಾಳದಲ್ಲಿ ಗಾಜಿನಂಥ ಸೂಕ್ಷ್ಮ ಕಣಗಳನ್ನು ಸೇರಿಸಿ ಮಾಡಿದ್ದು. ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ. ಇದಕ್ಕೆ ಬೇಕಾದ ರಾಳವನ್ನು ರೂಪಿಸಿ 1962ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ರಫಾಯೆಲ್ ಬೋವೆನ್.

ಮೂರನೆಯದು ಒಸಡಿನ ಹತ್ತಿರವಿರುವ ಗ್ಲಾಸ್ ಅಯನೋಮರ್ ಸಿಮೆಂಟ್. ಒಂದು ವಿಶೇಷ ಗಾಜಿನ ಪುಡಿಯನ್ನು ಆಮ್ಲದ ದ್ರಾವಣದೊಂದಿಗೆ ಕಲಸಿದಾಗ ಗಟ್ಟಿಯಾಗುವ ಸಿಮೆಂಟ್ ಇದು. ಇದನ್ನು ಲಂಡನ್ನಿನ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ರೂಪಿಸಿ, 1970ರ ದಶಕದ ಆರಂಭದಲ್ಲಿ ಪ್ರಕಟಿಸಿದರು.

ಮೂರೂ ಒಂದೇ ಬಾಯಿ, ಒಂದೇ ಜೊಲ್ಲು, ಒಂದೇ ಊಟ. ಆದರೂ ಅವುಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳ ಗುಂಪು ಒಂದೇ ರೀತಿ ಇರುವುದಿಲ್ಲ. ಏಕೆಂದು ನೋಡೋಣ.

ಹಲ್ಲಿನ ಮೇಲಿನ ‘ಪಾಚಿ’

‘ಹುಳುಕು’ ಎಂಬ ಮಾತಿನಲ್ಲೇ ಹುಳು ಅಡಗಿದೆ. ಹೊಗೆ ಹಾಕಿ ಹಲ್ಲಿನ ಹುಳ ತೆಗೆಯುತ್ತೇವೆ ಎನ್ನುವವರನ್ನು ಸಂತೆಗಳಲ್ಲಿ ನೀವೂ ಕಂಡಿರಬಹುದು. ಹಲ್ಲಿನಲ್ಲಿ ಹುಳವಿಲ್ಲ. ಇರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಮನುಷ್ಯರ ಬಾಯಿಗಳಲ್ಲಿ ಒಟ್ಟಾರೆ 700ಕ್ಕೂ ಹೆಚ್ಚು ಬಗೆಯವು ಪತ್ತೆಯಾಗಿವೆ. ಹೆಚ್ಚಿನವು ನಿರುಪದ್ರವಿಗಳು.

ನಿಮ್ಮ ಶಾಲೆಯ ನೀರಿನ ಡ್ರಮ್ಮಿನ ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಿ. ನಾಲ್ಕಾರು ದಿನ ತೊಳೆಯದಿದ್ದರೆ ಲೋಳೆಲೋಳೆಯಾಗಿರುತ್ತದೆ. ನೀರು ಅಲುಗಿಸಿದರೆ ಅದು ಹೋಗುವುದಿಲ್ಲ, ಉಜ್ಜಲೇಬೇಕು. ಹಲ್ಲಿನ ಮೇಲೆ ಕಟ್ಟುವುದೂ ಇಂಥದೇ ಒಂದು ಪದರ. ನಾವು ಅದನ್ನು ಪಾಚಿ ಎನ್ನುತ್ತೇವೆ, ವೈದ್ಯರು ಪ್ಲೇಕ್ ಎನ್ನುತ್ತಾರೆ.

ಅದು ಕಟ್ಟುವ ಕ್ರಮ ಹೀಗಿದೆ. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನಲ್ಲಿರುವ ಪ್ರೋಟೀನ್‌ಗಳು ಹಲ್ಲಿನ ಮೇಲೆ ತೆಳುವಾದ ಪೊರೆಯಾಗಿ ಕೂರುತ್ತವೆ. ಆ ಪೊರೆಗೆ ಮೊದಲು ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಅಂಟಿಕೊಳ್ಳುತ್ತವೆ. ಅವುಗಳಿಗೆ ಇನ್ನಷ್ಟು ಬಗೆಯವು ಅಂಟುತ್ತವೆ. ಇವುಗಳಲ್ಲಿ ಹುಳುಕಿಗೆ ಹೆಚ್ಚು ಹೆಸರಾದದ್ದು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ಇದನ್ನು 1924ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಗುರುತಿಸಿದರು. ಸಕ್ಕರೆ ಸಿಕ್ಕರೆ ಇದು ಎರಡು ಕೆಲಸ ಮಾಡುತ್ತದೆ. ಒಂದು, ಅಂಟು ತಯಾರಿಸಿಕೊಂಡು ಹಲ್ಲಿಗೆ ಗಟ್ಟಿಯಾಗಿ ಕೂರುವುದು. ಎರಡು, ಲ್ಯಾಕ್ಟಿಕ್ ಆಮ್ಲ ತಯಾರಿಸುವುದು. ಆಮ್ಲ ಹೆಚ್ಚಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮೆಲ್ ಕರಗಲು ತೊಡಗುತ್ತದೆ.

ಈ ಜೀವಿಗಳನ್ನು ಮೊದಲು ಕಂಡವರು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್. ತಾವೇ ಉಜ್ಜಿ ಮಾಡಿದ ಮಸೂರದಲ್ಲಿ ತಮ್ಮ ಹಲ್ಲಿನ ಸಂದಿಯ ಬಿಳಿ ಪದಾರ್ಥವನ್ನು ನೋಡಿ, 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. ದಿನಾ ಬೆಳಿಗ್ಗೆ ಉಪ್ಪಿನಿಂದ ಹಲ್ಲು ತಿಕ್ಕುತ್ತೇನೆ, ಆದರೂ ಇಷ್ಟು ಜೀವಿಗಳಿವೆ ಎಂಬುದು ಅವರ ಅಚ್ಚರಿ. ಉಪ್ಪು, ಇದ್ದಿಲಿನಲ್ಲಿ ಹಲ್ಲುಜ್ಜಿದ ನಮ್ಮ ಹಿರಿಯರು ಇದನ್ನು ಕೇಳಿದ್ದರೆ ನಗುತ್ತಿದ್ದರೇನೋ. ವಿನೆಗರ್ ಮುಕ್ಕಳಿಸಿದರೂ ಪದರದ ಒಳಗೆ ಇದ್ದವು ಸಾಯದೆ ಉಳಿಯುವುದನ್ನು ಅವರು ಗಮನಿಸಿದ್ದರು. ಮುಕ್ಕಳಿಸುವುದು ಸಾಲದು, ಉಜ್ಜಬೇಕು ಎಂಬ ಪಾಠ ಆಗಲೇ ಸಿಕ್ಕಿತ್ತು.

ಒರಟು ಮೈ, ನುಣುಪು ಮೈ

ಈಗ ಪ್ರಶ್ನೆ: ಈ ಪದರ ಎನಾಮೆಲ್ ಮೇಲೆ ಕಟ್ಟುವಂತೆಯೇ ಬೆಳ್ಳಿ, ಕಾಂಪೊಸಿಟ್, ಸಿಮೆಂಟ್ ಮೇಲೂ ಕಟ್ಟುತ್ತದೆಯೇ? ಕಟ್ಟುತ್ತದೆ. ಬ್ಯಾಕ್ಟೀರಿಯಾ ಕೂರದ ವಸ್ತುವನ್ನು ಯಾರೂ ಇನ್ನೂ ಹಲ್ಲಿಗೆ ಹಾಕಿಲ್ಲ. ಎಷ್ಟು ಕಟ್ಟುತ್ತದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಆ ವ್ಯತ್ಯಾಸಕ್ಕೆ ಮುಖ್ಯ ಕಾರಣ ಮೇಲ್ಮೈಯ ಒರಟುತನ. ಹೊಸ ಪ್ಲಾಸ್ಟಿಕ್ ಬಿಂದಿಗೆ ಸುಲಭವಾಗಿ ಶುಚಿಯಾಗುತ್ತದೆ. ಒಂದು ವರ್ಷ ತೆಂಗಿನ ನಾರಿನಲ್ಲಿ ತಿಕ್ಕಿದ ಮೇಲೆ ಅದರ ಒಳಮೈ ತುಂಬ ಗೀರು. ಆಮೇಲೆ ಎಷ್ಟು ತಿಕ್ಕಿದರೂ ಲೋಳೆ ಬೇಗ ಮರಳಿ ಬರುತ್ತದೆ, ಏಕೆಂದರೆ ಗೀರಿನೊಳಗೆ ಕೆಲವು ಉಳಿದೇ ಇರುತ್ತವೆ. ಹಲ್ಲಿನಲ್ಲೂ ಹೀಗೆಯೇ.

ಬೆಲ್ಜಿಯಂನ ಸಂಶೋಧಕರು 1990ರ ದಶಕದಲ್ಲಿ ಈ ವಿಷಯದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಒಂದು ಗಡಿಯನ್ನು ಸೂಚಿಸಿದರು. ಮೇಲ್ಮೈಯ ಸರಾಸರಿ ಒರಟುತನ 0.2 ಮೈಕ್ರೋಮೀಟರ್‌ಗಿಂತ ಹೆಚ್ಚಾದಂತೆ ಪ್ಲೇಕ್ ಹೆಚ್ಚುತ್ತದೆ. ಅದಕ್ಕಿಂತ ಎಷ್ಟು ನುಣುಪು ಮಾಡಿದರೂ ಹೆಚ್ಚಿನ ಲಾಭವಿಲ್ಲ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ. ಒಂದು ಬ್ಯಾಕ್ಟೀರಿಯಾದ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ತುಂಬಿಸಿದ ಮೇಲೆ ವೈದ್ಯರು ಅದಕ್ಕೆ ಪಾಲಿಶ್ ಮಾಡುವುದು ಅಂದಕ್ಕಲ್ಲ ಎಂಬುದು ಈಗ ತಿಳಿಯಿತಲ್ಲವೇ? ನಾಲಿಗೆಯ ತುದಿಗೆ ಒರಟು ಎನಿಸಿದರೆ ಅಲ್ಲೇ ಹೇಳಿ ಸರಿಮಾಡಿಸಿಕೊಳ್ಳಬೇಕು.

ಎಷ್ಟು ಮಂದಿ ಎಂಬುದಲ್ಲ, ಯಾರು ಎಂಬುದು

ಒರಟುತನ ಒಂದೇ ಲೆಕ್ಕವಾಗಿದ್ದರೆ ಗ್ಲಾಸ್ ಅಯನೋಮರ್ ಸಿಮೆಂಟ್ ಸೋಲಬೇಕಿತ್ತು. ಪಾಲಿಶ್ ಮಾಡಿದ ಕಾಂಪೊಸಿಟ್‌ನಷ್ಟು ಅದು ನುಣುಪಲ್ಲ, ಕಾಲ ಕಳೆದಂತೆ ಸವೆಯುತ್ತದೆ ಕೂಡ. ಆದರೆ 1990ರಲ್ಲಿ ಸ್ವಾನ್‌ಬರ್ಗ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಅವರು ಮೂರೂ ಬಗೆಯ ತುಂಬಿಕೆಗಳ ಅಂಚಿನಿಂದ ಪ್ಲೇಕ್ ತೆಗೆದು ಅದರಲ್ಲಿ ಮ್ಯೂಟನ್ಸ್ ಗುಂಪಿನ ಬ್ಯಾಕ್ಟೀರಿಯಾಗಳ ಪಾಲು ಎಷ್ಟೆಂದು ಎಣಿಸಿದರು. ಕಾಂಪೊಸಿಟ್ ಅಂಚಿನಲ್ಲಿ ಅತಿ ಹೆಚ್ಚು, ಅಮಾಲ್ಗಮ್ ಅಂಚಿನಲ್ಲಿ ಅದಕ್ಕಿಂತ ಕಡಿಮೆ, ಗ್ಲಾಸ್ ಅಯನೋಮರ್ ಅಂಚಿನಲ್ಲಿ ಅತಿ ಕಡಿಮೆ.

ಕಾರಣ ಆ ವಸ್ತುಗಳ ರಸಾಯನದಲ್ಲಿದೆ. ಗ್ಲಾಸ್ ಅಯನೋಮರ್ ತನ್ನಲ್ಲಿರುವ ಫ್ಲೋರೈಡನ್ನು ನಿಧಾನವಾಗಿ ಹೊರಬಿಡುತ್ತದೆ. ಮೊದಲ ದಿನಗಳಲ್ಲಿ ಹೆಚ್ಚು, ಆಮೇಲೆ ಕಡಿಮೆ. ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಿದಾಗ ಸ್ವಲ್ಪವನ್ನು ಮತ್ತೆ ಹೀರಿಕೊಳ್ಳುತ್ತದೆ. ಅಮಾಲ್ಗಮ್‌ನಿಂದ ಹೊರಬರುವ ಲೋಹದ ಅಯಾನುಗಳು ಬ್ಯಾಕ್ಟೀರಿಯಾಗಳಿಗೆ ಹಿತವಲ್ಲ. ತಾಮ್ರದ ಬಿಂದಿಗೆಯ ನೀರಿನ ಗುಣ ನಿಮಗೆ ಗೊತ್ತೇ ಇದೆ. ಸಾಮಾನ್ಯ ಕಾಂಪೊಸಿಟ್‌ಗೆ ಇಂಥ ಯಾವ ರಕ್ಷಣೆಯೂ ಇಲ್ಲ.

ಫ್ಲೋರೈಡ್ ಎಂದ ಕೂಡಲೇ ಕೋಲಾರ, ತುಮಕೂರು, ಗದಗ, ಕೊಪ್ಪಳ ಮುಂತಾದ ಕಡೆಯ ಶಿಕ್ಷಕರಿಗೆ ಆತಂಕವಾಗುವುದು ಸಹಜ. ಅಲ್ಲಿನ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅತಿಯಾಗಿದೆ. ಹಲ್ಲು ರೂಪುಗೊಳ್ಳುವ ವರ್ಷಗಳಲ್ಲಿ ಅಂಥ ನೀರನ್ನು ದಿನವೂ ಕುಡಿದರೆ ಹಲ್ಲು ಕಲೆಯಾಗುತ್ತದೆ. ಒಂದು ಹಲ್ಲಿನ ಸಿಮೆಂಟಿನಿಂದ ಹೊರಬರುವ ಅಲ್ಪ ಪ್ರಮಾಣಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ನಿಜವಾದ ಜಾಗ ಅಂಚು

ಹಾಗಾದರೆ ಎಲ್ಲರಿಗೂ ಗ್ಲಾಸ್ ಅಯನೋಮರ್ ಹಾಕಿಬಿಡಬಹುದಲ್ಲ? ಇಲ್ಲೇ ವಿಜ್ಞಾನ ನಮಗೆ ತಾಳ್ಮೆ ಕಲಿಸುವುದು. ಅಗಿಯುವಾಗ ಹೆಚ್ಚು ಒತ್ತಡ ಬೀಳುವ ದೊಡ್ಡ ಗುಂಡಿಯಲ್ಲಿ ಅದು ಬೇಗ ಸವೆಯುತ್ತದೆ, ಬಿರುಕು ಬಿಡುತ್ತದೆ. ಬ್ಯಾಕ್ಟೀರಿಯಾ ಎಣಿಕೆಯಲ್ಲಿ ಗೆದ್ದದ್ದು ಬಾಳಿಕೆಯಲ್ಲಿ ಗೆಲ್ಲಬೇಕೆಂದಿಲ್ಲ.

ತುಂಬಿಸಿದ ಹಲ್ಲು ಮತ್ತೆ ಕೆಡುವುದು ತುಂಬಿಸಿದ ವಸ್ತುವಿನಲ್ಲಲ್ಲ. ಬೆಳ್ಳಿಗೆ ಹುಳುಕು ಬರುವುದಿಲ್ಲ. ಕೆಡುವುದು ವಸ್ತು ಮತ್ತು ಹಲ್ಲು ಕೂಡುವ ಅಂಚಿನಲ್ಲಿ. ಗೋಡೆಗೂ ಬಾಗಿಲಿನ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಮಳೆನೀರು ಇಳಿಯುವಂತೆ ಇದು. ಕಾಂಪೊಸಿಟ್ ಗಟ್ಟಿಯಾಗುವಾಗ ಗಾತ್ರದಲ್ಲಿ ನೂರಕ್ಕೆ ಎರಡು ಮೂರು ಪಾಲು ಕುಗ್ಗುತ್ತದೆ. ಅಂಟು ಎಷ್ಟೇ ಗಟ್ಟಿಯಾಗಿದ್ದರೂ ಅಂಚಿನಲ್ಲಿ ಎಳೆತ ಉಂಟಾಗಿ ಕೂದಲಿಗಿಂತ ತೆಳುವಾದ ಸಂದಿ ಬೀಳಬಹುದು. ನಮಗೆ ಕೂದಲಿಗಿಂತ ತೆಳು, ಬ್ಯಾಕ್ಟೀರಿಯಾಗೆ ಹೆದ್ದಾರಿ. ಅಲ್ಲಿಗೆ ಬ್ರಷ್ ತಲುಪುವುದಿಲ್ಲ, ಆಮ್ಲವನ್ನು ತಿಳಿಗೊಳಿಸುವ ಜೊಲ್ಲೂ ಸರಿಯಾಗಿ ತಲುಪುವುದಿಲ್ಲ. ಸಾಲದ್ದಕ್ಕೆ, ಮ್ಯೂಟನ್ಸ್ ಬ್ಯಾಕ್ಟೀರಿಯಾ ಕಾಂಪೊಸಿಟ್‌ನ ರಾಳವನ್ನೂ ಅಂಟನ್ನೂ ನಿಧಾನವಾಗಿ ವಿಘಟಿಸಬಲ್ಲದು ಎಂದು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದರು.

ಅಮಾಲ್ಗಮ್ ಹಲ್ಲಿಗೆ ಅಂಟುವುದೇ ಇಲ್ಲ, ಗುಂಡಿಯ ಆಕಾರದಿಂದಾಗಿ ಅಲ್ಲಿ ನಿಲ್ಲುತ್ತದೆ. ಆದರೆ ವರ್ಷಗಳು ಕಳೆದಂತೆ ಅದು ಸ್ವಲ್ಪ ತುಕ್ಕು ಹಿಡಿಯುತ್ತದೆ, ಆ ತುಕ್ಕೇ ಅಂಚಿನ ಸಂದಿಯನ್ನು ಮುಚ್ಚುತ್ತದೆ. ನನ್ನ ಬಾಯಿಯಲ್ಲೂ ಹಾಗೆಯೇ ಆಗಿದೆ. ಹಳೆಯ ಬೆಳ್ಳಿ ನೋಡಲು ಕಪ್ಪು, ಆದರೆ ಅಂಚು ಭದ್ರ. ಅದಕ್ಕಿಂತ ಎಷ್ಟೋ ಕಿರಿಯದಾದ ಕಾಂಪೊಸಿಟ್‌ನ ಅಂಚಿನಲ್ಲಿ ಕಂದು ಗೆರೆ ಮೂಡಿ, ಒಮ್ಮೆ ಬಿಚ್ಚಿ ಮತ್ತೆ ತುಂಬಿಸಬೇಕಾಯಿತು.

ಒಬ್ಬರ ಬಾಯಿಯಿಂದ ತೀರ್ಮಾನಕ್ಕೆ ಬರಬಾರದು, ನಿಜ. ಅದಕ್ಕೇ ಪೋರ್ಚುಗಲ್ ದೇಶದ ಲಿಸ್ಬನ್ ನಗರದ ಶಾಲಾ ಮಕ್ಕಳ ಲೆಕ್ಕ ನೋಡಿ. ಅಲ್ಲಿನ ಕಾಸಾ ಪಿಯಾ ಸಂಸ್ಥೆಯ ಶಾಲೆಗಳ 8ರಿಂದ 12 ವರ್ಷದ ಮಕ್ಕಳಲ್ಲಿ, ಯಾರಿಗೆ ಯಾವ ವಸ್ತು ಎಂಬುದನ್ನು ಚೀಟಿ ಎತ್ತಿದಂತೆ ಆಯ್ದು, ಕೆಲವರಿಗೆ ಅಮಾಲ್ಗಮ್, ಕೆಲವರಿಗೆ ಕಾಂಪೊಸಿಟ್ ಹಾಕಿದರು. 472 ಮಕ್ಕಳ 1,748 ತುಂಬಿಕೆಗಳನ್ನು ಏಳು ವರ್ಷದವರೆಗೆ ಗಮನಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮಾಲ್ಗಮ್‌ನಲ್ಲಿ ನೂರಕ್ಕೆ ಸುಮಾರು 94 ಉಳಿದವು, ಕಾಂಪೊಸಿಟ್‌ನಲ್ಲಿ ಸುಮಾರು 86. ಕೆಟ್ಟವುಗಳಲ್ಲಿ ಮುಖ್ಯ ಕಾರಣ ಅಂಚಿನ ಹೊಸ ಹುಳುಕು. ಅದರ ಸಂಭವ ಕಾಂಪೊಸಿಟ್‌ನಲ್ಲಿ 3.5 ಪಟ್ಟು. ಆದರೂ ಇನ್ನೊಂದು ಬದಿಯಿಂದ ನೋಡಿ: ಕಾಂಪೊಸಿಟ್ ಹಾಕಿಸಿಕೊಂಡ ನೂರರಲ್ಲಿ 86 ಹಲ್ಲುಗಳು ಚೆನ್ನಾಗಿಯೇ ಇದ್ದವು.

ಬೆಳ್ಳಿ ಹೋಗುತ್ತಿದೆ

ಹೀಗಿದ್ದರೂ ನಮ್ಮ ಮಕ್ಕಳಿಗೆ ಇನ್ನು ಮುಂದೆ ಬೆಳ್ಳಿ ಸಿಗುವುದು ಕಡಿಮೆ. ಪಾದರಸ ನೀರಿಗೆ ಸೇರಿ ಮೀನಿನ ಮೂಲಕ ಮನುಷ್ಯರಿಗೆ ಬರುತ್ತದೆ. ಜಪಾನಿನ ಮಿನಮಾಟ ಊರಿನ ದುರಂತವನ್ನು ನೀವು ಓದಿರುತ್ತೀರಿ. ಅದೇ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಆಯಿತು, 2018ರಲ್ಲಿ ಭಾರತವೂ ಅದಕ್ಕೆ ಸೇರಿತು. ವೈದ್ಯರು ಅಗತ್ಯವೆಂದು ಭಾವಿಸಿದ ಸಂದರ್ಭ ಬಿಟ್ಟು 15 ವರ್ಷದೊಳಗಿನ ಮಕ್ಕಳಿಗೆ ಅಮಾಲ್ಗಮ್ ಬೇಡ ಎಂದು 2022ರ ಸಭೆ ತೀರ್ಮಾನಿಸಿತು. 2034ರ ವೇಳೆಗೆ ಹಲ್ಲಿನ ಅಮಾಲ್ಗಮ್ ಬಳಕೆಯನ್ನೇ ಕೊನೆಗಾಣಿಸಲು 2025ರ ಸಭೆ ಒಪ್ಪಿತು. ಬಾಯಿಯಲ್ಲಿ ಈಗಾಗಲೇ ಇರುವ ಬೆಳ್ಳಿಯನ್ನು ಗಾಬರಿಯಿಂದ ತೆಗೆಸಬೇಕಾಗಿಲ್ಲ. ಹೊಸದಾಗಿ ಹಾಕುವುದು ನಿಲ್ಲುತ್ತಿದೆ ಅಷ್ಟೇ.

ಉಳಿಯುವುದು ಕಾಂಪೊಸಿಟ್, ಗ್ಲಾಸ್ ಅಯನೋಮರ್ ಮತ್ತು ಅವುಗಳ ಸುಧಾರಿತ ರೂಪಗಳು. ಗ್ಲಾಸ್ ಅಯನೋಮರ್‌ಗೆ ಹಳ್ಳಿಯ ಮಟ್ಟಿಗೆ ಒಂದು ದೊಡ್ಡ ಅನುಕೂಲವಿದೆ. 1980ರ ದಶಕದಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ ಶುರುವಾದ ಒಂದು ವಿಧಾನದಲ್ಲಿ, ಕೊರೆಯುವ ಯಂತ್ರವೂ ವಿದ್ಯುತ್ತೂ ಇಲ್ಲದೆ, ಕೈ ಉಪಕರಣಗಳಿಂದಲೇ ಮೆತ್ತಗಾದ ಭಾಗವನ್ನು ತೆಗೆದು ಈ ಸಿಮೆಂಟನ್ನು ಒತ್ತಿ ತುಂಬುತ್ತಾರೆ. ಶಾಲೆಯ ಬೆಂಚಿನ ಮೇಲೂ ಇದನ್ನು ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಇದಕ್ಕೆ ಪ್ರೋತ್ಸಾಹ ನೀಡಿತು.

ತರಗತಿಯಲ್ಲಿ ಮಾಡಿ ನೋಡಿ

1. ಒಂದು ನುಣುಪಾದ ಬಿಳಿ ಟೈಲ್ ಚೂರು, ಒಂದು ಮಂಗಳೂರು ಹೆಂಚಿನ ಚೂರು, ಒಂದು ಸ್ಟೀಲ್ ಚಮಚ ತೆಗೆದುಕೊಳ್ಳಿ. ರಾಗಿಹಿಟ್ಟಿಗೆ ಅರಿಶಿನ ಸೇರಿಸಿ ತೆಳ್ಳಗೆ ಕಲಸಿ ಮೂರಕ್ಕೂ ಬಳಿಯಿರಿ. ಹತ್ತು ನಿಮಿಷ ಬಿಟ್ಟು, ಒಂದೊಂದರ ಮೇಲೂ ಒಂದೇ ಅಳತೆಯ ನೀರು ಸುರಿಯಿರಿ. ಎಲ್ಲಿ ಹೆಚ್ಚು ಉಳಿಯಿತು? ನೀರಿನ ಅಳತೆ ಒಂದೇ ಇರಬೇಕು ಏಕೆ ಎಂದು ಮಕ್ಕಳನ್ನೇ ಕೇಳಿ.

2. ಎರಡು ಟೈಲ್ ಚೂರುಗಳನ್ನು ಒಂದು ಹಾಳೆ ತೂರುವಷ್ಟೇ ಸಂದಿ ಬಿಟ್ಟು ಪಕ್ಕಪಕ್ಕ ಇಡಿ. ಅದೇ ಹಿಟ್ಟನ್ನು ಬಳಿದು ಹಳೆಯ ಬ್ರಷ್‌ನಿಂದ ಉಜ್ಜಿಸಿ. ಮೇಲೆ ಶುಭ್ರವಾಗುತ್ತದೆ. ಈಗ ಚೂರುಗಳನ್ನು ಬೇರ್ಪಡಿಸಿ ಅಂಚನ್ನು ತೋರಿಸಿ. ತುಂಬಿಸಿದ ಹಲ್ಲಿನ ಕಥೆ ಮಾತಿಲ್ಲದೆ ಅರ್ಥವಾಗುತ್ತದೆ.

3. ಮಕ್ಕಳಿಗೆ ಒಂದೊಂದು ಚೂರು ಹಸಿ ಬೀಟ್‌ರೂಟ್ ಅಗಿಯಲು ಕೊಡಿ. ಒಮ್ಮೆ ಮಾತ್ರ ಬಾಯಿ ಮುಕ್ಕಳಿಸಿ ಕನ್ನಡಿಯಲ್ಲಿ ನೋಡಿಕೊಳ್ಳಲಿ. ಕೆಂಪು ಎಲ್ಲಿ ಹೆಚ್ಚು ಉಳಿದಿದೆಯೋ ಅಲ್ಲಿ ಪದರ ಕಟ್ಟಿದೆ. ತುಂಬಿಸಿದ ಹಲ್ಲಿರುವ ಮಗು ಅದರ ಸುತ್ತ ವಿಶೇಷವಾಗಿ ನೋಡಲಿ. ಯಾರ ಹಲ್ಲು ಹೆಚ್ಚು ಕೆಂಪು ಎಂದು ಹೋಲಿಸಿ ನಗಲು ಬಿಡಬೇಡಿ.

ಪೋಷಕರಿಗೆ ಏನು ಹೇಳಬೇಕು?

“ಸಿಮೆಂಟ್ ಹಾಕಿಸಿದರೆ ಮತ್ತೆ ಹುಳುಕು ಬರುವುದಿಲ್ಲ” ಎಂದು ಹೇಳಬೇಡಿ. ಬಂದಾಗ ಅವರು ನಮ್ಮನ್ನೂ ನಂಬುವುದಿಲ್ಲ, ವೈದ್ಯರನ್ನೂ ನಂಬುವುದಿಲ್ಲ. ನೇರವಾಗಿ ಕೀಳಿಸಲು ಹೋಗುತ್ತಾರೆ. ಹೀಗೆ ಹೇಳಿ: ತುಂಬಿಸಿದ ಹಲ್ಲು ತೇಪೆ ಹಾಕಿದ ಬಟ್ಟೆಯಂತೆ. ತೇಪೆಯ ಹೊಲಿಗೆಯನ್ನು ನೋಡಿಕೊಂಡರೆ ಬಟ್ಟೆ ಬಾಳುತ್ತದೆ. ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟಿನಿಂದ ಆ ಹಲ್ಲಿನ ಅಂಚನ್ನು ಉಜ್ಜುವುದು, ಊಟದ ನಡುವಿನ ಮಿಠಾಯಿ ಕಡಿಮೆ ಮಾಡುವುದು, ಅಂಚಿನಲ್ಲಿ ಕಂದು ಗೆರೆ ಅಥವಾ ನಾಲಿಗೆಗೆ ಒರಟು ಕಂಡರೆ ನೋವು ಬರುವ ಮುಂಚೆಯೇ ತೋರಿಸುವುದು. ಅಂಚಿನ ಸಣ್ಣ ಹುಳುಕನ್ನು ಎಷ್ಟೋ ಸಲ ಅಷ್ಟು ಭಾಗ ಮಾತ್ರ ತೆಗೆದು ಸರಿಪಡಿಸಬಹುದು. ನೋವು ನರದವರೆಗೆ ಹೋದ ಮೇಲೆ ಖರ್ಚೂ ಹೆಚ್ಚು, ಹಲ್ಲು ಉಳಿಯುವ ಭರವಸೆಯೂ ಕಡಿಮೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಿಮ್ಮ ಶಾಲೆಗೆ ಬಂದಾಗ ಹಲ್ಲುಗಳನ್ನೂ ಪರೀಕ್ಷಿಸುತ್ತದೆ. ಹುಳುಕಾದ ಹಲ್ಲುಗಳನ್ನು ಅವರು ನೋಡಿಯೇ ನೋಡುತ್ತಾರೆ. ಆಗಲೇ ತುಂಬಿಸಿರುವ ಹಲ್ಲುಗಳ ಮಕ್ಕಳ ಪಟ್ಟಿಯೊಂದನ್ನು ನೀವು ಮೊದಲೇ ಸಿದ್ಧ ಮಾಡಿಟ್ಟುಕೊಂಡು, “ಇವರ ಅಂಚುಗಳನ್ನೂ ಒಮ್ಮೆ ನೋಡಿ” ಎಂದು ಕೇಳಿ. ಅರ್ಧ ಹಾಳೆಯ ಪಟ್ಟಿ ಸಾಕು. ಒಂದು ಹಲ್ಲು ಉಳಿದರೂ ಆ ಅರ್ಧ ಹಾಳೆ ಸಾರ್ಥಕ.